ವಸ್ತಾದ ಯಾರು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜಾತ್ರೆಗಳಲ್ಲಿ ಹೊಸ ಹುಡುಗನೊಬ್ಬ ಕುಸ್ತಿ ಗೆದ್ದರೆ ಹಿರಿಯರು ಮೊದಲು ಕೇಳುವುದು, ‘ಯಾವ ಗರಡಿಯಾಂವ? ವಸ್ತಾದ ಯಾರು?’ ಎಂದು. ಫುಟ್‌ಬಾಲಿನಲ್ಲಿ ಹೀಗೆ ಕೇಳುವವರು ಕಡಿಮೆ. 2014ರ ವಿಶ್ವಕಪ್ ಫೈನಲ್‌ನ 113ನೇ ನಿಮಿಷದಲ್ಲಿ ಗೋಲು ಹೊಡೆದ ಮಾರಿಯೊ ಗೊಟ್ಸೆ ಎಲ್ಲರಿಗೂ ಗೊತ್ತು. ಅದೇ ಗೊಟ್ಸೆ, ಗೋಲ್‌ಕೀಪರ್ ಟೆರ್ ಸ್ಟೆಗನ್ ಇದ್ದ ಹದಿನೇಳರೊಳಗಿನವರ ಜರ್ಮನ್ ತಂಡಕ್ಕೆ 2009ರಲ್ಲಿ ಯುರೋಪಿನ ಕಪ್ ಗೆಲ್ಲಿಸಿಕೊಟ್ಟ ಮಾರ್ಕೊ ಪೆಜ್ಜಾಯುಲಿ ಯಾರಿಗೆ ಗೊತ್ತು?

ಮ್ಯಾನ್‌ಹೈಮ್‌ನಲ್ಲಿ ಹುಟ್ಟಿದ ಇವರು ಆಟಗಾರರಾಗಿ ದೊಡ್ಡ ಹೆಸರಲ್ಲ. 2011ರಲ್ಲಿ ಅರ್ಧ ಸೀಸನ್ ಹಾಫನ್‌ಹೈಮ್ ತಂಡ ನಡೆಸಿದರು. 2021ರ ಫೆಬ್ರುವರಿಯಲ್ಲಿ ಮೂರು ವರ್ಷದ ಕರಾರಿನ ಮೇಲೆ ನಮ್ಮ ಬೆಂಗಳೂರು ಎಫ್‌ಸಿಗೆ ಬಂದರು. ಕೋವಿಡ್‌ನಿಂದಾಗಿ ಆ ಸಲದ ಲೀಗ್ ಪೂರ್ತಿ ಗೋವಾದಲ್ಲೇ ನಡೆಯಿತು. ಕಂಠೀರವದ ಕೂಗು ಅವರ ಕಿವಿಗೆ ಬೀಳಲೇ ಇಲ್ಲ. ತಂಡ ಆರನೆಯದಾಯಿತು. 2022ರ ಜೂನ್‌ನಲ್ಲಿ ಹೊರಟುಹೋದರು.

ಆದರೆ ಅದೇ ಸೀಸನ್‌ನಲ್ಲಿ ಅವರ ಕೈಕೆಳಗೆ ಆಡಿದ ಮಣಿಪುರದ ರೋಶನ್ ಸಿಂಗ್ ಲೀಗ್‌ನ ಉದಯೋನ್ಮುಖ ಆಟಗಾರನಾದ.

ಗರಡಿ ನಡೆಸುವ ನಮ್ಮ ಕಾಕಾಗೆ ಇದನ್ನೆಲ್ಲ ಹೇಳಿದೆ. ಆರನೇ ಸ್ಥಾನದ ಬಗ್ಗೆ ಅವರು ಕೇಳಲೇ ಇಲ್ಲ. ‘ಆ ಹುಡುಗ ಈಗ ಹ್ಯಾಂಗ ಆಡಾಕತ್ತಾನ?’ ಎಂದರು. ಪ್ರತಿ ಆರು ತಿಂಗಳಿಗೆ ಪ್ರಗತಿ ವರದಿ ಬರೆಯುವ ಸಂಶೋಧನಾ ವಿದ್ಯಾರ್ಥಿ ನಾನು. ಕಲಿಸಿದವರನ್ನು ಅಳೆಯಲು ನಮ್ಮ ಕಾಲದ ಯಾವ ಅಂಕಪಟ್ಟಿಗಿಂತಲೂ ಕಾಕಾನ ಪ್ರಶ್ನೆಯೇ ಸರಿ ಅನ್ನಿಸಿತು.