ಮುಚ್ಚಿಡಬಾರದ ಕಾಯಿಲೆ

ವೈದ್ಯರಲ್ಲಿಯೂ ವಕೀಲರಲ್ಲಿಯೂ ಸುಳ್ಳು ಹೇಳಬಾರದೆಂಬ ಮಾತು ನಮ್ಮ ಹಿರಿಯರಲ್ಲಿ ಬಳಕೆಯಲ್ಲಿತ್ತು. ಕಾಸರಗೋಡಿನಲ್ಲಿ ಬಹುಕಾಲದಿಂದ ವಕೀಲಿ ವೃತ್ತಿ ನಡೆಸುತ್ತಿರುವ ನನಗೆ ಆ ಮಾತಿನ ಉತ್ತರಾರ್ಧ ಮೊದಲೇ ತಿಳಿದಿತ್ತು. ಪೂರ್ವಾರ್ಧದ ಬೆಲೆಯನ್ನು ತಿಳಿಸಿದ್ದು ಹನ್ನೊಂದು ವರ್ಷಗಳಿಂದ ನನ್ನೊಡನಿರುವ ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ.

ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವಾಗಿ ಹುಣ್ಣೇಳುವುದು ಇದರ ಲಕ್ಷಣ. ಗುದನಾಳದಲ್ಲಿ ತೊಡಗಿ ಮೇಲಕ್ಕೆ ಹಬ್ಬಬಹುದು. ಇದು ಅಂಟುರೋಗವಲ್ಲ. ತಿಂಗಳುಗಟ್ಟಲೆ ತಣ್ಣಗಿದ್ದು ಒಮ್ಮೆಲೇ ಕೆರಳುತ್ತದೆ. ಕೆರಳಿದಾಗ ರಕ್ತ ಮತ್ತು ಲೋಳೆ ಬೆರೆತ ಭೇದಿ, ಹೊಟ್ಟೆನುಲಿತ, ತಡೆದುಕೊಳ್ಳಲಾಗದ ಅವಸರ. ನಮ್ಮ ಊರುಗಳಲ್ಲಿ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಮನೆಯಲ್ಲಿಯೇ ತೀರ್ಪು ಹೊರಬೀಳುತ್ತದೆ. ಹೊರಗೆ ಹೇಳಲು ನಾಚಿಕೆ. ಹೇಳದಿದ್ದರೆ ರೋಗ ಬೆಳೆಯುತ್ತದೆ.

ಕಾಯಿಲೆ ಪತ್ತೆಯಾದಾಗ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನೂ ಮೆಸಲಮೈನ್ ಮಾತ್ರೆಯನ್ನೂ ಒಟ್ಟಿಗೆ ಕೊಟ್ಟರು. ಎರಡು ವಾರಗಳಲ್ಲಿ ರಕ್ತ ನಿಂತಿತು. ನಿದ್ರೆಯೂ ಹೋಯಿತು. ನಡುರಾತ್ರಿಯಲ್ಲಿ ಹಸಿವು, ಸಣ್ಣ ಮಾತಿಗೂ ಸಿಡುಕು, ದುಂಡಗೆ ಊದಿದ ಮುಖ. ‘ಮೈಕೈ ತುಂಬಿಕೊಂಡಿದ್ದೀರಿ, ಸಂತೋಷ’ ಎಂದು ಕಕ್ಷಿದಾರರು ಹೇಳುವಾಗ ನಕ್ಕು ಸುಮ್ಮನಾಗುತ್ತಿದ್ದೆ. ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸಕೂಡದು, ಮೆಲ್ಲಮೆಲ್ಲನೆ ಇಳಿಸಬೇಕು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ದೊರೆತಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ಕಡಿಮೆ ಮಾಡುತ್ತವೆ. ಅವು ಚೇತರಿಸಿಕೊಳ್ಳಲು ಸಮಯ ಬೇಕು.

ಹಾಗೆ ಇಳಿಸುತ್ತಿದ್ದಂತೆ ರಕ್ತಭೇದಿ ಮರಳಿತು. ಈ ಬಾರಿ ಜ್ವರವೂ ತಲೆನೋವೂ ಜೊತೆಗಿದ್ದವು. ‘ಆ ಮಾತ್ರೆಗಳನ್ನೆಲ್ಲ ಬಿಟ್ಟುಬಿಡು ಮಗಾ, ಅವೇ ನಂಜು’ ಎಂದರು ಅಮ್ಮ. ಕಾಯಿಲೆ ಕೆರಳಿದೆ, ಮಾತ್ರೆ ಹೆಚ್ಚಿಸಬೇಕು ಎಂಬುದು ಮಿತ್ರರೊಬ್ಬರ ಅಭಿಪ್ರಾಯ. ಮದುವೆಮನೆಯ ಊಟದ ಮೇಲೆ ಹೆಂಡತಿಗೆ ಸಂಶಯ. ನೋಡಿದರೆ ಮೂವರ ಮಾತಿನಲ್ಲಿಯೂ ಹುರುಳಿತ್ತು. ಔಷಧಿಯ ಅಡ್ಡಪರಿಣಾಮ, ಕಾಯಿಲೆಯ ಉಲ್ಬಣ, ಹೊರಗಿನ ಸೋಂಕು ಈ ಮೂರೂ ಒಂದೇ ವೇಷದಲ್ಲಿ ಬರಬಲ್ಲವು. ಮೂರಕ್ಕೂ ಪರಿಹಾರ ಬೇರೆ ಬೇರೆ. ಊಹೆಯಿಂದ ಒಂದನ್ನು ಆರಿಸಿಕೊಳ್ಳುವುದು ಅಪಾಯ.

ಕಚೇರಿಯ ಅಭ್ಯಾಸದಂತೆ ನಾನು ಕಾಯಿಲೆಗೂ ಒಂದು ಪುಸ್ತಕವಿಟ್ಟಿದ್ದೆ. ದಿನಕ್ಕೆ ಎಷ್ಟು ಬಾರಿ ಭೇದಿ, ರಕ್ತವಿತ್ತೇ, ಜ್ವರವೆಷ್ಟು, ಯಾವ ಮಾತ್ರೆ ಯಾವ ದಿನ ಆರಂಭವಾಯಿತು, ಯಾವುದು ಎಷ್ಟು ಇಳಿಯಿತು ಎಂಬುದೆಲ್ಲ ಅದರಲ್ಲಿತ್ತು. ವೈದ್ಯರು ಮೊದಲು ಮಲಪರೀಕ್ಷೆ ಮಾಡಿಸಿದರು, ಸೋಂಕು ಇರಲಿಲ್ಲ. ಬಳಿಕ ಪುಸ್ತಕವನ್ನು ಓದಿ, ಮೆಸಲಮೈನೇ ಕಾರಣವಿರಬಹುದೆಂದರು. ಕೆಲವೇ ಕೆಲವರಿಗೆ ಈ ಔಷಧಿ ಒಗ್ಗುವುದಿಲ್ಲ. ಗುಣಪಡಿಸಬೇಕಾದ ಲಕ್ಷಣಗಳನ್ನೇ ಅದು ಉಂಟುಮಾಡುತ್ತದೆ. ಸ್ಟೀರಾಯ್ಡ್ ಇದ್ದಷ್ಟು ದಿನ ಅದು ಮರೆಯಾಗಿತ್ತು. ಅವರ ಸೂಚನೆಯಂತೆ ಅದೊಂದನ್ನು ಮಾತ್ರ ನಿಲ್ಲಿಸಿದೆ. ನಾಲ್ಕು ದಿನಗಳಲ್ಲಿ ಜ್ವರ ಬಿಟ್ಟಿತು, ರಕ್ತ ನಿಂತಿತು. ಅಮ್ಮನ ಮಾತಿನಂತೆ ಎಲ್ಲವನ್ನೂ ಒಟ್ಟಿಗೆ ಬಿಟ್ಟಿದ್ದರೆ ಸ್ಟೀರಾಯ್ಡ್ ತಟ್ಟನೆ ನಿಂತು ಬೇರೆಯೇ ವಿಪತ್ತು ಎದುರಾಗುವ ಸಂಭವವಿತ್ತು. ಔಷಧಿಯನ್ನು ಸಂಶಯಿಸುವ ಹಕ್ಕು ರೋಗಿಗಿದೆ. ಆದರೆ ವಿಚಾರಣೆಯಿಲ್ಲದೆ ಅದನ್ನು ಗಡೀಪಾರು ಮಾಡಬಾರದು.

ಈಗ ಅಜಥಯೋಪ್ರಿನ್ ಸೇವಿಸುತ್ತಿದ್ದೇನೆ. ಅದು ಬಿಳಿ ರಕ್ತಕಣಗಳನ್ನು ಕುಗ್ಗಿಸಬಹುದು, ಯಕೃತ್ತಿಗೂ ತೊಂದರೆ ಕೊಡಬಹುದು. ಆದುದರಿಂದ ಆರಂಭದಲ್ಲಿ ವಾರವಾರವೂ, ಈಗ ಮೂರು ತಿಂಗಳಿಗೊಮ್ಮೆಯೂ ರಕ್ತಪರೀಕ್ಷೆ. ಜ್ವರ ಅಥವಾ ಗಂಟಲುನೋವು ಬಂದರೆ ಕಷಾಯ ಕುಡಿದು ಕಾಯುವಂತಿಲ್ಲ. ಸೊಂಟನೋವಿಗೆಂದು ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳನ್ನು ಕೇಳಿ ತರುವಂತಿಲ್ಲ. ಕೆಲವರಲ್ಲಿ ಅವು ಕರುಳನ್ನು ಕೆರಳಿಸುತ್ತವೆ. ಒಂದು ತಿಂಗಳ ಮಾತ್ರೆ ಸದಾ ಮನೆಯಲ್ಲಿರುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ವೈದ್ಯರನ್ನೇ ನೆಚ್ಚಿದ ನಮ್ಮಂಥವರಿಗೆ ಡಬ್ಬಿಯಲ್ಲಿ ಉಳಿದ ಮಾತ್ರೆಗಳೇ ಆಸರೆಯಾಗಿದ್ದವು.

ಯಾವಾಗ ಆಸ್ಪತ್ರೆಗೆ ಧಾವಿಸಬೇಕು ಎಂಬುದಕ್ಕೆ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು 1955ರಲ್ಲಿ ನೀಡಿದ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಭೇದಿ, ಅದರೊಡನೆ 37.8 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಜ್ವರ ಅಥವಾ ನಿಮಿಷಕ್ಕೆ 90ನ್ನು ಮೀರಿದ ನಾಡಿಬಡಿತವಿದ್ದರೆ ಅದು ತೀವ್ರಸ್ವರೂಪ. ಅಂದು ಮರುದಿನಕ್ಕೆ ಕಾಯಬಾರದು.

ಇಷ್ಟನ್ನೂ ಈ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ಈ ಕಾಯಿಲೆ ಬಹುಮಂದಿಯಲ್ಲಿ ಹರೆಯದಲ್ಲಿಯೇ ತಲೆದೋರುತ್ತದೆ, ಶಾಲಾಮಕ್ಕಳನ್ನೂ ಬಿಡುವುದಿಲ್ಲ. ನ್ಯಾಯಾಲಯದಲ್ಲಿ ನಾನು ಐದು ನಿಮಿಷ ಅನುಮತಿ ಕೇಳಿ ಹೊರಗೆ ಹೋಗಬಲ್ಲೆ. ಹದಿಮೂರರ ಹುಡುಗಿ ಗಣಿತದ ತರಗತಿಯಲ್ಲಿ ಮೂರನೆಯ ಬಾರಿ ಕೈಯೆತ್ತುವುದು ಸುಲಭವಲ್ಲ. ಅವಳು ಬೆಳಗ್ಗಿನ ಉಪಾಹಾರ ಬಿಡುತ್ತಾಳೆ, ನೀರು ಕುಡಿಯುವುದಿಲ್ಲ, ಕೊನೆಗೆ ಶಾಲೆಗೇ ಬರುವುದಿಲ್ಲ. ಮಗು ಸೊರಗುತ್ತಿದ್ದರೆ, ಬಚ್ಚಲಿನಲ್ಲಿ ಬಹಳ ಹೊತ್ತು ಕಳೆಯುತ್ತಿದ್ದರೆ ತಂದೆತಾಯಂದಿರು ಗದರದೆ ಕೇಳಬೇಕು. ಅಧ್ಯಾಪಕರು ಕಾರಣ ಕೇಳದೆ ಕಳುಹಿಸಬೇಕು.

ನಮ್ಮಲ್ಲಿ ಔಷಧಿಯ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ವೈದ್ಯರು ಹಲವೊಮ್ಮೆ ಮಲಯಾಳದಲ್ಲಿ ಮಾತನಾಡುತ್ತಾರೆ. ನೋವು ಮಾತ್ರ ಮನೆಮಾತಿನಲ್ಲಿಯೇ ಇರುತ್ತದೆ. ದಿನದಿನದ ಲೆಕ್ಕವನ್ನು ಕನ್ನಡದಲ್ಲಿ ಬರೆದಿಟ್ಟರೂ ಸಾಕು, ಅದನ್ನು ಓದಿ ಹೇಳಲು ಒಬ್ಬರಲ್ಲ ಒಬ್ಬರು ಸಿಕ್ಕೇ ಸಿಗುತ್ತಾರೆ. ಬರೆಯದೆ, ಹೇಳದೆ ಉಳಿದುದನ್ನು ಯಾವ ವೈದ್ಯರೂ ಓದಲಾರರು.