ಪೊವಾಯಿ ನೀರಿನಲ್ಲಿ ಕಟ್ಟಡಗಳು

ಪೊವಾಯಿ ಕೆರೆಯಲ್ಲಿ ನೀರುಹಕ್ಕಿಯ ಫೋಟೊ ತೆಗೆಯಲು ಹೋದವರಿಗೆ ಹಕ್ಕಿ ಸಿಗುವುದೇನೂ ಕಷ್ಟವಲ್ಲ. ಚಳಿಗಾಲದ ಬೆಳಿಗ್ಗೆ ಸಿಳ್ಳೆಬಾತೋ ನಾಮದಕೋಳಿಯೋ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಾಡುವುದು ನೀರು. 1891ರಲ್ಲಿ ಕಟ್ಟಿದ ಈ ಕೆರೆಯ ಸುತ್ತ ಈಗ ಬಹುಮಹಡಿ ಕಟ್ಟಡಗಳು. ಗಾಳಿ ಏಳುವ ಮೊದಲು ಅವೆಲ್ಲ ತಲೆಕೆಳಗಾಗಿ ನೀರಿಗೆ ಇಳಿದಿರುತ್ತವೆ. ಕಂದು ಬಣ್ಣದ ಸಿಳ್ಳೆಬಾತಿನ ಕುತ್ತಿಗೆಗೆ ಸರಿಯಾಗಿ ಯಾರದೋ ಬಾಲ್ಕನಿಯ ಬಿಳಿ ಗೆರೆ ಬಂದು ಕೂರುತ್ತದೆ.

ಎಂಟು ವರ್ಷದಿಂದ ಬಿಡುವಿದ್ದ ಭಾನುವಾರ ನಾನು ಇಲ್ಲಿಗೆ ಬರುತ್ತೇನೆ. ಶುರುವಿನಲ್ಲಿ ಎಲ್ಲರೂ ಹೇಳಿದ್ದು, ಪೋಲರೈಸರ್ ತಗೊಳ್ಳಿ ಅಂತ. ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಆ ಗಾಜು ನೀರಿನ ಹೊಳಪು ಕಳೆಯುವುದು ನಿಜ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ನಮ್ಮ ನೋಟ ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿಯಲ್ಲಿದ್ದಾಗ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ಕೂತರೆ ಆ ಕೋನ ಎರಡೋ ಮೂರೋ ಡಿಗ್ರಿಗೆ ಇಳಿಯುತ್ತದೆ. ಆಗ ಎಷ್ಟು ತಿರುಗಿಸಿದರೂ ಅಷ್ಟೇ. ಮೇಲಿಂದ ಒಂದೂವರೆ ಎರಡು ಸ್ಟಾಪ್ ಬೆಳಕು ನುಂಗುತ್ತದೆ. 1/1000 ಸೆಕೆಂಡಿನಲ್ಲಿ ತೆಗೆಯುತ್ತಿದ್ದದ್ದನ್ನು 1/250ಕ್ಕೆ ಇಳಿಸಿದರೆ ರೆಕ್ಕೆ ಬಡಿತ ಮಸುಕಾಗುತ್ತದೆ. ಇನ್ನು, ಬಾಲ್ಕನಿ ಬೇಡ, ಬಾತಿನ ನೆರಳು ಮಾತ್ರ ಇರಲಿ ಎಂದರೆ ಆ ಗಾಜಿಗೆ ತಿಳಿಯದು.

ಅದಕ್ಕಿಂತ ನಮ್ಮ ಕಾಲೇ ಉಪಯೋಗಕ್ಕೆ ಬರುತ್ತದೆ. ಬೆಳಕು ನೀರಿಗೆ ಬಿದ್ದ ಕೋನದಲ್ಲೇ ಮೇಲೆದ್ದು ನಮ್ಮ ಕಡೆ ಬರುತ್ತದೆ. ಹಾಗಾಗಿ ತೀರಾ ಕೆಳಗೆ ಕೂತರೆ ಹಕ್ಕಿಯ ಹಿಂದಿನ ನೀರಿನಲ್ಲಿ ಕಾಣುವುದು ಎದುರು ದಂಡೆಯ ಬುಡ, ಅಂದರೆ ಗಿಡಮರಗಳ ಹಸಿರು. ತುಸು ಎದ್ದರೆ ಕಟ್ಟಡಗಳು. ಇನ್ನೂ ಮೇಲೆ, ಕಾಲುದಾರಿಗೆ ಹತ್ತಿ ದಂಡೆಗೆ ಹತ್ತಿರವಿರುವ ಹಕ್ಕಿಯನ್ನು ನೋಡಿದರೆ ಬರೀ ಆಕಾಶ. ನಾಮದಕೋಳಿಯ ಕಪ್ಪು ಮೈಗೆ ಹಸಿರು ಒಪ್ಪುತ್ತದೆ. ಆಕಾಶ ಬಂದರೆ ಹಕ್ಕಿ ಇದ್ದಿಲ ತುಂಡಿನಂತೆ ಕಾಣುತ್ತದೆ, ಎಕ್ಸ್‌ಪೋಷರ್ ಹೆಚ್ಚಿಸಬೇಕು. ಕೆಳಗೆ ಅಂದರೆ ಎದೆಹಚ್ಚಿ ಮಲಗಿಬಿಡಿ ಎನ್ನುವವರಿದ್ದಾರೆ. ಪೊವಾಯಿಯಲ್ಲಿ ಮೊಸಳೆಗಳಿವೆ. ನಾನು ನೀರಿನಿಂದ ದೂರದಲ್ಲೇ ಮೊಣಕಾಲೂರುತ್ತೇನೆ, ಅದೂ ಹಿಂದೆ ಮುಂದೆ ನೋಡಿ. ಅಲ್ಲಿಂದ ಹತ್ತು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಸಾಮಾನ್ಯವಾಗಿ ಆ ಬಿಳಿ ಗೆರೆ ತಪ್ಪುತ್ತದೆ.

ಈಗ ಫೋನಿನಲ್ಲೇ ಬೆರಳಾಡಿಸಿ ಕಟ್ಟಡ ಅಳಿಸಬಹುದು. ನನಗೆ ಅದು ಒಗ್ಗಿಲ್ಲ. ಸರಿದು ಕೂತು ತಪ್ಪಿಸಿದ್ದಕ್ಕೂ ಇದ್ದದ್ದನ್ನು ಒರೆಸಿದ್ದಕ್ಕೂ ವ್ಯತ್ಯಾಸವಿದೆ ಎಂದೇ ವಾದಿಸುತ್ತಿದ್ದೆ. ಧಾರವಾಡದಲ್ಲಿರುವ ಅವ್ವನಿಗೆ ಆ ವ್ಯತ್ಯಾಸವೇನೂ ಕಾಣಲಿಲ್ಲ. ಹೋದ ಜನವರಿಯಲ್ಲಿ ಎರಡು ಸಿಳ್ಳೆಬಾತು, ಹಿಂದೆಲ್ಲ ಹಸಿರು ನೀರು ಇರುವ ಫೋಟೊ ಕಳಿಸಿದ್ದೆ. ಕೂಡಲೇ ಫೋನ್ ಬಂತು. "ಕೆಲಗೇರಿ ಕೆರಿತನಕಾ ಬಂದು ಮನಿಗೆ ಬರಲಾರದ ಹಂಗ ಹೋದಿಯೇನೋ?"

ನಾನು ಊರಿಗೆ ಹೋಗಿ ಆಗಲೇ ಒಂದೂವರೆ ವರ್ಷವಾಗಿತ್ತು. ಮುಂಬೈ ಅಂತ ಹೇಳಿದರೂ ನಂಬಲಿಲ್ಲ. "ಮುಂಬೈದಾಗ ಇಷ್ಟ ಹಸರು ಎಲ್ಲಿ ಇರತದ?"

ಅಂದಿನಿಂದ ಕಟ್ಟಡ ಬಿದ್ದ ನೀರನ್ನೂ ತೆಗೆಯುತ್ತೇನೆ. ಅದಕ್ಕೆ ಸಣ್ಣ ಗಾಳಿ ಬೇಕು. ನೀರು ತುಸು ನಡುಗಿದಾಗ ಕಟ್ಟಡದ ಗೆರೆಗಳು ಒಡೆದು ಬಿಳಿ ಬೂದಿ ಪಟ್ಟಿಗಳಾಗುತ್ತವೆ, ಹಕ್ಕಿಯ ಕುತ್ತಿಗೆ ಬಿಡಿಸಿ ಕಾಣುತ್ತದೆ, ನಗರ ಎಂದೂ ಗೊತ್ತಾಗುತ್ತದೆ. ಅಂಥ ಗಾಳಿ ಸಿಗುವುದು ಐದು ಹತ್ತು ನಿಮಿಷ. ಆಮೇಲೆ ನೀರು ಪೂರ್ತಿ ಕಲಕಿಬಿಡುತ್ತದೆ. ಅಂಥದ್ದೊಂದನ್ನು ಅವ್ವನಿಗೆ ಕಳಿಸಿದೆ.

"ಇದರಾಗ ನಿಮ್ಮ ಮನಿ ಯಾವದು?"

ನಾವಿರುವುದು ಭಾಂಡುಪದಲ್ಲಿ, ನಾಲ್ಕು ಮಹಡಿಯ ಹಳೇ ಬಿಲ್ಡಿಂಗು, ಈ ನೀರಿನಲ್ಲಿ ಬೀಳುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾರ ಮುಂದಿನ ಸಲ ಅದರ ಫೋಟೊ ಕಳಸು, ಹಕ್ಕಿ ಇರದಿದ್ರೂ ನಡೀತದ ಅಂದಳು.