ಸಣ್ಣಗಾಗುವ ಆಸೆ

ಇಪ್ಪತ್ತು ವರ್ಷ ತರಗತಿಯಲ್ಲಿ ಛಂದಸ್ಸಿನ ಮಾತ್ರೆ ಎಣಿಸಿದವನು ನಾನು. ಹೋದ ವರ್ಷ ವೈದ್ಯರು ಸಕ್ಕರೆ ಕಾಯಿಲೆಗೆ ಬೇರೆ ಬಗೆಯ ಮಾತ್ರೆ ಎಣಿಸಿಕೊಟ್ಟು, “ಸೈಕಲ್ ತುಳಿಯಿರಿ” ಎಂದರು. ತುಳಿದೆ. ಚಾಮುಂಡಿಬೆಟ್ಟದ ಏರಿನಲ್ಲಿ ನನ್ನ ವಿದ್ಯಾರ್ಥಿಗಳೇ “ನಮಸ್ಕಾರ ಸಾರ್” ಎನ್ನುತ್ತ ದಾಟಿ ಹೋದಾಗ, ದೋಷ ನನ್ನದಲ್ಲ, 32 ಮಿಲಿಮೀಟರ್ ದಪ್ಪದ ಟೈರಿನದು ಎಂದು ತೀರ್ಮಾನಿಸಿದೆ.

ಅಂಗಡಿಯಲ್ಲಿ 23ರ ಟೈರು ಕೇಳಿದೆ. ಅಂಗಡಿಯವನು ನನ್ನ ಮುಖ ನೋಡಲಿಲ್ಲ, ರಿಮ್ಮು ನೋಡಿದ. ಅದರ ಮೇಲೆ 622, 19 ಎಂಬ ಎರಡು ಅಂಕೆಗಳಿದ್ದವು. 622 ಎಂದರೆ ಟೈರಿನ ಅಂಚು ಕೂರುವ ಜಾಗದ ವ್ಯಾಸ. ಅದರಲ್ಲಿ ಕೂದಲೆಳೆಯಷ್ಟೂ ರಾಜಿ ಇಲ್ಲ. 19 ರಿಮ್ಮಿನ ಒಳಅಗಲ. ಅದಕ್ಕೆ ತಕ್ಕ ಮಿತಿಯೊಳಗೆ ಟೈರು ದಪ್ಪವೋ ಸಣ್ಣವೋ ಆಗಬಹುದು.

“23 ಹಾಕಿದರೆ ಟೈರಿನ ಬೆನ್ನು ಚಪ್ಪಟೆಯಾಗುತ್ತೆ ಸ್ವಾಮಿ. ಗುಂಡಿ ಸಿಕ್ಕರೆ ಪೆಟ್ಟು ನೇರವಾಗಿ ರಿಮ್ಮಿಗೆ. 28 ಸಾಕು.”

ನಮ್ಮ ತಂದೆಯವರ ಸೈಕಲ್ಲಿನದೂ 28ರ ಟೈರೇ. ಆದರೆ ಅದು ಗಾಲಿಯ ಎತ್ತರದ ಅಂಗುಲ ಲೆಕ್ಕ. ದಪ್ಪ ಒಂದೂವರೆ ಅಂಗುಲ. ಅದರ ಮೇಲೆ ಅಕ್ಕಿಮೂಟೆಯನ್ನೂ ನನ್ನನ್ನೂ ಹೇರಿಕೊಂಡು, ಯಾರನ್ನೂ ಹಿಂದೆ ಹಾಕುವ ಹಂಬಲವಿಲ್ಲದೆ ಅವರು ಮನೆ ಸೇರುತ್ತಿದ್ದರು.

28 ಹಾಕಿಸಿದೆ. ಗಾಳಿ ಮೊದಲಿಗಿಂತ ಬಿಗಿಯಾಗಿ ತುಂಬಬೇಕು, ವಾರವಾರವೂ ನೋಡಿಕೊಳ್ಳಬೇಕು. ಹುಡುಗರು ಈಗಲೂ ದಾಟಿಯೇ ಹೋಗುತ್ತಾರೆ. 47ರಲ್ಲಿ ರಿಮ್ಮು ಬದಲಾಗದು. ಅದು ಒಪ್ಪುವಷ್ಟು ಸಣ್ಣಗಾದರೆ ಸಾಕೆಂದು ಏದುಸಿರಿನಲ್ಲೇ ಅವರಿಗೆ ಪ್ರತಿನಮಸ್ಕಾರ ಹೇಳುತ್ತೇನೆ. ಹೋದ ತಿಂಗಳು ವೈದ್ಯರು ಒಂದು ಮಾತ್ರೆ ಕಡಿಮೆ ಮಾಡಿದರು.